ವಾಕ್ಯದೊಳಗಣ ಕ್ರಮವೂ ಕಂಪೈಲರಿನ ಎಚ್ಚರಿಕೆಯೂ

ವಾಕ್ಯದಲ್ಲಿ ಪದಗಳು ನಿಂತಿರುವ ಕ್ರಮವೇ ಕ್ರಿಯೆಗಳು ನಡೆಯುವ ಕ್ರಮವಲ್ಲವೆಂಬುದನ್ನು ಮೀಮಾಂಸಕರು ಬಹುಕಾಲದ ಹಿಂದೆಯೇ ವಿಚಾರಿಸಿರುತ್ತಾರೆ. ಅಗ್ನಿಹೋತ್ರವನ್ನು ಮೊದಲು ವಿಧಿಸಿ ಗಂಜಿಯ ಪಾಕವನ್ನು ಅನಂತರ ಹೇಳಿದ್ದರೂ, ಗಂಜಿಯೇ ಹೋಮದ್ರವ್ಯವಾದುದರಿಂದ ಪಾಕವು ಮೊದಲು ನಡೆಯತಕ್ಕದ್ದು. ಅಲ್ಲಿ ಅರ್ಥಕ್ರಮವು ಪಾಠಕ್ರಮವನ್ನು ಬಾಧಿಸುತ್ತದೆ. ಗಣಕಯಂತ್ರಕ್ಕೆ ಆದೇಶಗಳನ್ನು ಬರೆಯುವ ‘ಸಿ’ ಭಾಷೆಯಲ್ಲಿಯೂ ಇದೇ ಪ್ರಶ್ನೆಯುಂಟು. ಆದರೆ ಆ ಆದೇಶಗಳನ್ನು ಯಂತ್ರದ ನುಡಿಗೆ ತಿರುಗಿಸುವ ಕಂಪೈಲರು ಬರೆದವನ ಅಭಿಪ್ರಾಯವನ್ನು ಊಹಿಸಿ ಕ್ರಮವನ್ನು ಕಲ್ಪಿಸಲಾರದು.

‘ಅ’ ಮತ್ತು ‘ಇ’ ಎಂಬೆರಡು ಚರಗಳನ್ನು ಕೂಡಿಸೆಂದು ಬರೆದರೆ, ಯಾವುದನ್ನು ಮೊದಲು ಓದಬೇಕೆಂಬುದನ್ನು ಸಿ ಭಾಷೆಯ ಶಾಸನವು ನಿಯಮಿಸುವುದಿಲ್ಲ. ಕೂಡುವುದಕ್ಕಿಂತ ಗುಣಿಸುವುದು ಪ್ರಬಲವೆಂಬ ನಿಯಮವು ಅನ್ವಯವನ್ನು ಹೇಳುತ್ತದೆಯೇ ಹೊರತು ಓದುವ ಕ್ರಮವನ್ನಲ್ಲ. ಇವೆರಡನ್ನು ಒಂದೆಂದು ಭ್ರಮಿಸುವವರು ಬಹುಮಂದಿ. ಸಾಮಾನ್ಯ ಚರಗಳಲ್ಲಿ ಯಾವುದನ್ನು ಮೊದಲು ಓದಿದರೂ ಮೊತ್ತವು ಒಂದೇ ಆಗಿರುವುದರಿಂದ ಈ ಸ್ವಾತಂತ್ರ್ಯವು ನಿರಪಾಯವಾದುದು.

1989ರ ಅಮೆರಿಕದ ಶಾಸನದಲ್ಲಿ ಸೇರಿದ ‘ವೊಲಟೈಲ್’, ಎಂದರೆ ಅಸ್ಥಿರ, ಎಂಬ ವಿಶೇಷಣವು ಬಂದಲ್ಲಿ ಸಂಗತಿಯು ಬೇರೆ. ಪ್ರೋಗ್ರಾಮಿನ ಹೊರಗಿನ ಕಾರಣದಿಂದಲೂ ಬದಲಾಗಬಹುದಾದ ಚರಕ್ಕೆ ಈ ಹೆಸರು. ಅದನ್ನು ಓದುವುದೇ ಒಂದು ಕ್ರಿಯೆ. ಎ.ಟಿ.ಮೆಗಾ 328 ಎಂಬ ಚಿಕ್ಕ ಮೈಕ್ರೋಕಂಟ್ರೋಲರನ್ನು ನೋಡಬಹುದು. ಇದರಲ್ಲಿ 16 ಬಿಟ್ಟುಗಳ ಕಾಲಗಣಕವನ್ನು ಎಂಟೆಂಟು ಬಿಟ್ಟುಗಳ ಎರಡು ಅರ್ಧಗಳಾಗಿ ಓದಬೇಕು. ಕೆಳಗಿನ ಅರ್ಧವನ್ನು ಓದಿದ ಕ್ಷಣದಲ್ಲಿಯೇ ಯಂತ್ರವು ಮೇಲಿನ ಅರ್ಧದ ಪ್ರತಿಯೊಂದನ್ನು ತೆಗೆದಿರಿಸುತ್ತದೆ. ಅನಂತರ ಮೇಲಿನದನ್ನು ಓದಿದರೆ ದೊರೆಯುವುದು ಆ ಪ್ರತಿಯೇ. ಎರಡನ್ನೂ ಒಂದೇ ವಾಕ್ಯದಲ್ಲಿ ಕೂಡಿಸಿ ಬರೆದಾಗ ಕಂಪೈಲರು ಮೇಲಿನದನ್ನೇ ಮೊದಲು ಓದಿತೆನ್ನೋಣ. ಹಿಂದೆ 511ನ್ನು ಓದಿದಾಗ ಉಳಿದ ಪ್ರತಿಯು 1. ಈಗ ಗಣಕವು 512ರಲ್ಲಿದ್ದರೆ ಕೆಳಗಿನ ಅರ್ಧವು 0. ಮೇಲಿನ ಅರ್ಧದ ಬೆಲೆಯನ್ನು 256ರಿಂದ ಗುಣಿಸತಕ್ಕದ್ದಾದುದರಿಂದ ಫಲವು 256 ಆಗುತ್ತದೆ. ಕಾಲವೇ ಹಿಂದಕ್ಕೆ ಸರಿದಂತಾಯಿತು! ಬರೆದ ವಾಕ್ಯವನ್ನು ಎಷ್ಟು ಸಲ ತಿರುವಿ ನೋಡಿದರೂ ದೋಷವು ಕಾಣದು. ಒಂದು ಕಂಪೈಲರಿನಲ್ಲಿ ಸರಿಯಾಗಿ ನಡೆದುದು ಇನ್ನೊಂದರಲ್ಲಿ ಕೆಡುತ್ತದೆ.

ಇದಕ್ಕಾಗಿಯೇ ಐ.ಎ.ಆರ್. ಸಂಸ್ಥೆಯ ಕಂಪೈಲರು, ಈ ವಾಕ್ಯದಲ್ಲಿ ಅಸ್ಥಿರ ಚರಗಳನ್ನು ಓದುವ ಕ್ರಮವು ನಿಶ್ಚಿತವಾಗಿಲ್ಲವೆಂದು ಎಚ್ಚರಿಸುತ್ತದೆ. ಆವರಣಚಿಹ್ನೆಗಳನ್ನು ಸೇರಿಸಿ ಅದರ ಬಾಯಿ ಮುಚ್ಚಿಸಲೆಳಸುವುದು ವ್ಯರ್ಥ, ಆವರಣವೂ ಅನ್ವಯಸೂಚಕವೇ. ‘ವೊಲಟೈಲ್’ ಪದವನ್ನೇ ತೆಗೆದುಹಾಕುವುದು ಇನ್ನೂ ಕೆಟ್ಟದ್ದು, ಆಗ ಓದುವ ಕ್ರಿಯೆಯೇ ಲೋಪವಾಗಬಹುದು. ಒಂದೇ ಅಸ್ಥಿರ ಚರವನ್ನು ಕ್ರಮವಿಲ್ಲದೆ ಎರಡು ಸಲ ಓದುವ ವಾಕ್ಯಕ್ಕಂತೂ 2011ರ ಶಾಸನದ ಪ್ರಕಾರ ಯಾವ ಫಲವೂ ವಿಹಿತವಲ್ಲ.

ಪರಿಹಾರವು ವಾಕ್ಯವಿಭಾಗವೊಂದೇ. ಕೆಳಗಿನ ಅರ್ಧವನ್ನು ಓದಿ ಸಾಮಾನ್ಯ ಚರವೊಂದರಲ್ಲಿಟ್ಟು ಅರ್ಧವಿರಾಮದಿಂದ ವಾಕ್ಯವನ್ನು ಮುಗಿಸಬೇಕು, ಎರಡನೆಯ ವಾಕ್ಯದಲ್ಲಿ ಮೇಲಿನದನ್ನು ಓದಬೇಕು, ಮೂರನೆಯದರಲ್ಲಿ ಕೂಡಿಸಬೇಕು. ಅರ್ಧವಿರಾಮದ ಹಿಂದಿನ ಓದು ಮುಗಿಯದೆ ಮುಂದಿನದು ಆರಂಭವಾಗುವಂತಿಲ್ಲ. ಕ್ರಮವು ಯಾವುದಾದರೂ ಬಾಧಕವಿಲ್ಲದೆಡೆಯಲ್ಲಿಯೂ ಈ ಎಚ್ಚರಿಕೆಯು ಬರುವುದುಂಟು. ಅಲ್ಲಿಯೂ ಹೀಗೆ ಬಿಡಿಸಿ ಬರೆಯುವುದರಿಂದ ಯಂತ್ರದ ಕೆಲಸವೇನೂ ಹೆಚ್ಚುವುದಿಲ್ಲವೆಂದೇ ಹೇಳಬಹುದು.