ಬಲಗೆನ್ನೆಯ ಬಿಸಿಲು

ನನ್ನ ಬಲಗೆನ್ನೆ ಎಡಗೆನ್ನೆಗಿಂತ ಸ್ವಲ್ಪ ಹೆಚ್ಚು ಕಪ್ಪು. ಕುಂಜತ್ತೂರಿನಿಂದ ಮಂಗಳೂರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ನನಗೆ ಇದರ ಕಾರಣ ಕಂಡುಕೊಳ್ಳಲು ವರ್ಷಗಳೇ ಬೇಕಾದವು. ಬೆಳಿಗ್ಗೆ ತಲಪಾಡಿ ದಾಟಿ ಉತ್ತರಕ್ಕೆ ಹೋಗುವಾಗ ಸೂರ್ಯ ಬಲಗಡೆ. ಸಂಜೆ ದಕ್ಷಿಣಕ್ಕೆ ಮರಳುವಾಗ ಅವನು ಕಡಲಿನ ಮೇಲೆ, ಅಂದರೆ ಮತ್ತೆ ಬಲಗಡೆ. ಕಿಟಕಿಯ ಗಾಜು ಎಳೆದುಕೊಂಡರೆ ಆಯಿತಲ್ಲ ಅಂದುಕೊಂಡಿದ್ದೆ. ಚರ್ಮವನ್ನು ಸುಡುವ ಯುವಿಬಿ ಕಿರಣಗಳನ್ನು ಗಾಜು ತಡೆಯುತ್ತದೆ, ಆದರೆ ಕಪ್ಪು ಮಾಡುವ, ಸುಕ್ಕು ತರುವ ಯುವಿಎ ಬಹುಪಾಲು ಒಳಗೇ ಬರುತ್ತದೆ. ಹೆದ್ದಾರಿ 66 ಆರು ಪಥವಾಗುವಾಗ ಬದಿಯ ಮರಗಳೂ ಹೋದವು. ಈಗ ಬಸ್ಸಿಗೆ ಕಾಯುವಾಗ ನೆರಳೆಂದರೆ ಕೊಡೆಯದ್ದು ಮಾತ್ರ.

ಹೀಗೆ ನಾನು ಸನ್‌ಸ್ಕ್ರೀನಿನ ಬೆನ್ನು ಹತ್ತಿದೆ. ಮೊದಲು ತಂದ ಟ್ಯೂಬು ದಪ್ಪ ಬೆಣ್ಣೆಯಂಥದ್ದು. ಹಚ್ಚಿ ಅಡುಗೆಮನೆಗೆ ಬಂದರೆ ಅತ್ತಿಗೆ ಮೋರೆ ನೋಡಿ, "ಎಂತ ಮಾರಾಯ್ತಿ, ರಾತ್ರಿ ಎಲ್ಲಿಯಾದರೂ ಆಟ ಉಂಟಾ?" ಎಂದರು. ತೊಕ್ಕೊಟ್ಟು ಮುಟ್ಟುವಷ್ಟರಲ್ಲಿ ಬೆವರಿನ ಜೊತೆ ಅದು ಕಣ್ಣಿಗಿಳಿದು ಉರಿ. ಮಧ್ಯಾಹ್ನಕ್ಕೆ ಮುಖ ಹಪ್ಪಳ ಕರಿದ ಬಾಣಲೆ. ವಾರದೊಳಗೆ ಗಲ್ಲದ ತುಂಬ ಮೊಡವೆ.

ಅತ್ತಿಗೆಯ ತಮಾಷೆಯಲ್ಲಿ ನಿಜ ಇತ್ತು. ಆಟ ಅಂದರೆ ಯಕ್ಷಗಾನ. ಅದರ ವೇಷ ಕಟ್ಟುವ ಚೌಕಿಯಲ್ಲಿ ಬಣ್ಣಕ್ಕೆ ತಳಹದಿಯಾಗುವ ಸಫೇತ ಎಂಬ ಬಿಳಿ ಪುಡಿ ಜಿಂಕ್ ಆಕ್ಸೈಡ್. ನನ್ನ ಟ್ಯೂಬಿನ ಬೆನ್ನಿಗೆ ಬರೆದದ್ದೂ ಅದೇ. ವೇಷಧಾರಿ ಅದನ್ನು ಎಣ್ಣೆಯಲ್ಲಿ ಕಲಸಿ, ಬೆರಳ ತುದಿಯಿಂದ ಎಲ್ಲೂ ಗಂಟಾಗದಂತೆ, ಎಲ್ಲೂ ಚರ್ಮ ಇಣುಕದಂತೆ ಎಳೆಯುವುದನ್ನು ನೋಡಿದವರಿಗೆ ಸನ್‌ಸ್ಕ್ರೀನ್ ಅರ್ಥಮಾಡಿಸುವುದು ಸುಲಭ. ಎರಡೂ ಮುಖದ ಮೇಲೆ ಕೂರಿಸುವ ಒಂದು ತೆಳು ಪದರ. ಚೌಕಿಯ ಬಣ್ಣ ಕಾಣಬೇಕು, ಇದು ಕಾಣಬಾರದು. ಬೆವರಿಗೆ ಬಗ್ಗದೆ ಉಳಿಯಬೇಕಾದ್ದು ಮಾತ್ರ ಎರಡಕ್ಕೂ ಒಂದೇ.

ಸನ್‌ಸ್ಕ್ರೀನ್ ತಯಾರಿಸುವವರ ಕಷ್ಟ ತಿಳಿದ ಮೇಲೆ ನನಗೆ ಅವರ ಮೇಲೆ ಗೌರವ ಹುಟ್ಟಿತು. ಕಿರಣ ಹೀರುವ ರಾಸಾಯನಿಕಗಳಲ್ಲಿ ಹೆಚ್ಚಿನವು ಒಂದೋ ತಾವೇ ಎಣ್ಣೆ, ಇಲ್ಲವೇ ಎಣ್ಣೆಯಲ್ಲಿ ಮಾತ್ರ ಕರಗುವಂಥವು. ರಕ್ಷಣೆ ಹೆಚ್ಚಿಸಲು ಹೋದಷ್ಟೂ ಜಿಡ್ಡು ಹೆಚ್ಚು. ಮೊದಲೇ ಎಣ್ಣೆ ಒಸರುವ ಮುಖ, ಬೆವರು ಆರದ ಸೆಕೆ, ಅದರ ಮೇಲೆ ಇನ್ನಷ್ಟು ಎಣ್ಣೆ! ಇದಕ್ಕೆ ಅವರು ಹೂಡಿದ ಉಪಾಯಗಳು ಒಂದೆರಡಲ್ಲ. ಹಚ್ಚಿದ ಕೂಡಲೇ ಹಾರಿಹೋಗುವ ಸಿಲಿಕೋನ್ ಅಥವಾ ಆಲ್ಕೋಹಾಲಿನಲ್ಲಿ ಈ ರಾಸಾಯನಿಕಗಳನ್ನು ಸಾಗಿಸುತ್ತಾರೆ. ವಾಹಕ ಆರುತ್ತದೆ, ಪದರ ಉಳಿಯುತ್ತದೆ. ಒಸರುವ ಎಣ್ಣೆಯನ್ನು ಹೀರಿಕೊಳ್ಳಲು ಸೂಕ್ಷ್ಮ ರಂಧ್ರಗಳಿರುವ ಸಿಲಿಕಾ ಕಣ ಸೇರಿಸುತ್ತಾರೆ. ಬೆವರಿಗೆ ಪದರ ಒಡೆಯದಂತೆ ಪಾಲಿಮರಿನ ಜಾಲ ಕಟ್ಟುತ್ತಾರೆ. ಸಫೇತವನ್ನು ಬೆಳ್ಳಗೆ ಕಾಣದಷ್ಟು ನುಣ್ಣಗೆ ಅರೆಯುತ್ತಾರೆ. ಸುಡುವ ಕಿರಣದ ತಡೆಯನ್ನು ಅಳೆಯುವ ಎಸ್‌ಪಿಎಫ್ ಲೆಕ್ಕವನ್ನು ಜನಪ್ರಿಯಗೊಳಿಸಿದ ಫ್ರಾನ್ಝ್ ಗ್ರೈಟರ್ ಆಸ್ಟ್ರಿಯಾದವನು, 1946ರಲ್ಲಿ ಅವನು ಮಾರುಕಟ್ಟೆಗೆ ತಂದದ್ದು ಹಿಮಪರ್ವತದ ಬಿಸಿಲಿಗೆಂದು ಮಾಡಿದ ಕ್ರೀಮು. ನಮ್ಮ ಮಂಜೇಶ್ವರ ಕಡೆಯ ಮೇ ತಿಂಗಳ ಸೆಕೆ ಅವನ ಲೆಕ್ಕದಲ್ಲಿ ಇದ್ದಿರಲಿಕ್ಕಿಲ್ಲ.

ಆದ್ದರಿಂದ ಅಂಗಡಿಯಲ್ಲಿ ನಾನು ಮೊದಲು ನೋಡುವುದು ಜಾತಿಯನ್ನು. ಎಣ್ಣೆ ಮುಖಕ್ಕೆ ಜೆಲ್ ಅಥವಾ ನೀರಿನಂತೆ ಹರಿಯುವ ಫ್ಲೂಯಿಡ್. ಬೆಣ್ಣೆಯಂಥ ಕ್ರೀಮು ಬೇಡ. ಮುಂಗೈ ಹಿಂಬದಿಗೆ ಒಂದು ಹನಿ ಹಚ್ಚಿ ಐದು ನಿಮಿಷ ಬಿಟ್ಟು ಮುಟ್ಟಿದರೆ ಬೆರಳು ಜಾರಬಾರದು. ಆಮೇಲೆ ಯುವಿಎಗೆ ಪಿಎ ಎಂಬ ಅಕ್ಷರಗಳ ಮುಂದಿನ ಕೂಡಿಸುವ ಗುರುತುಗಳು, ಜಪಾನಿನವರು 1996ರಲ್ಲಿ ತಂದ ಪದ್ಧತಿ. ಮೂರಾದರೂ ಇರಲಿ, ನಾಲ್ಕಿದ್ದರೆ ಒಳ್ಳೆಯದು. ಎಸ್‌ಪಿಎಫ್ ಅಂಕೆ ಕೊನೆಗೆ. 30 ಇರುವುದು ಯುವಿಬಿಯ ನೂರರಲ್ಲಿ ಸುಮಾರು 97 ಭಾಗ ತಡೆದರೆ, 50 ಇರುವುದು 98. ಈ ಒಂದು ಭಾಗಕ್ಕಾಗಿ ಜಿಡ್ಡು ಸಹಿಸುವ ಅಗತ್ಯ ನನಗೆ ಕಾಣುವುದಿಲ್ಲ. ಮೊಡವೆ ತರಿಸುವುದಿಲ್ಲ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ಅರ್ಧ ನಂಬಿ. ನಮ್ಮ ಕಾನೂನಿನಲ್ಲಿ ಸನ್‌ಸ್ಕ್ರೀನ್ ಔಷಧಿಯಲ್ಲ, ಸೌಂದರ್ಯವರ್ಧಕ. ಆ ಮಾತು ನಿಜವೋ ಸುಳ್ಳೋ ಎಂದು ನಿಮ್ಮ ಗಲ್ಲವೇ ಹೇಳಬೇಕು.

ಕೆನ್ನೆಯಲ್ಲಿ ಬಂಗು ಇರುವವರಿಗೆ ಒಂದು ಮಾತು ಬೇರೆ. ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಕಪ್ಪು ಮಾಡುತ್ತದೆ, ಅದಕ್ಕೆ ಸಾಧಾರಣ ಸನ್‌ಸ್ಕ್ರೀನ್ ಸಾಲದು. ಕಬ್ಬಿಣದ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಬೇಕು. ನಮ್ಮ ಮುರಕಲ್ಲಿಗೆ ಕೆಂಪು ಕೊಟ್ಟದ್ದೂ ಇದೇ ಕಬ್ಬಿಣ.

ಇನ್ನು ಹಚ್ಚುವುದು. ಕಸುಬು ಇರುವುದೇ ಇಲ್ಲಿ. ಪ್ರಯೋಗಾಲಯದಲ್ಲಿ ಅಂಕೆ ಕೊಡುವಾಗ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಬಳಿಯುತ್ತಾರೆ. ನಾವು ಸವರುವುದು ಅದರ ಅರ್ಧವೂ ಇರುವುದಿಲ್ಲ. ಹಾಗಾದಾಗ ಡಬ್ಬಿಯ 50 ಮುಖದ ಮೇಲೆ 50 ಆಗಿ ಉಳಿಯುವುದಿಲ್ಲ. ಮುಖ, ಕುತ್ತಿಗೆಗೆ ಅಳತೆ ಎರಡು ಬೆರಳು: ತೋರುಬೆರಳು, ನಡುಬೆರಳಿನ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ. ಮೊದಲ ಸಲ ನೋಡಿದಾಗ ಇಷ್ಟೊಂದಾ ಅನ್ನಿಸುತ್ತದೆ. ಎಣ್ಣೆ ಮುಖಕ್ಕೆ ಎರಡು ಗೆರೆ ಒಟ್ಟಿಗೆ ಎಳೆದರೆ ಉಜ್ಜಿದಂತೆಲ್ಲ ಸುರುಳಿ ಸುರುಳಿಯಾಗಿ ಏಳುತ್ತದೆ. ಅದಕ್ಕೆ ನನ್ನ ಕ್ರಮ ಹೀಗೆ. ಮಿಂದು ಬಂದು ಫ್ಯಾನಿನಡಿ ಬೆವರು ಪೂರ್ತಿ ಆರುವವರೆಗೆ ಕೂರುತ್ತೇನೆ. ತೆಂಗಿನೆಣ್ಣೆ ಮುಖಕ್ಕೆ ಹಚ್ಚುವುದಿಲ್ಲ, ಎಣ್ಣೆಯ ಮೇಲೆ ಪದರ ಜಾರುತ್ತದೆ. ಬೇರೆ ಕ್ರೀಮೂ ಇಲ್ಲ, ಈ ಹವೆಗೆ ಬೇಕಾಗುವುದಿಲ್ಲ. ಒಂದು ಬೆರಳಿನದ್ದನ್ನು ಹಣೆ, ಕೆನ್ನೆ, ಮೂಗು, ಗಲ್ಲಕ್ಕೆ ಬೊಟ್ಟಿಟ್ಟು ಹಗುರವಾಗಿ ಎಳೆಯುತ್ತೇನೆ. ಸೀರೆ ಉಟ್ಟಾಗುವಾಗ ಅದು ಕೂತಿರುತ್ತದೆ. ಆಗ ಎರಡನೆಯದು, ಉಜ್ಜದೆ, ಒತ್ತಿ ಒತ್ತಿ. ಕಿವಿಯ ಹಿಂದೆ, ಕುತ್ತಿಗೆಯ ಬದಿ ಮರೆಯದೆ. ರೆಪ್ಪೆಯ ಮೇಲೆ ಹೋಗುವುದಿಲ್ಲ. ಚಹಾ ಕುಡಿದು ಚಪ್ಪಲಿ ಮೆಟ್ಟುವ ಹೊತ್ತಿಗೆ ಕಾಲು ಗಂಟೆ ಆಗಿರುತ್ತದೆ, ಅಷ್ಟು ಸಾಕು.

ದಾರಿಯಲ್ಲಿ ಬೆವರು ಇಳಿದರೆ ಬೈರಾಸಿನಿಂದ ಗಸಗಸ ಒರಸಿದಿರೋ, ಮಾಡಿದ ಕೆಲಸವೆಲ್ಲ ಬೈರಾಸಿಗೆ. ಹತ್ತಿಬಟ್ಟೆ ಒತ್ತಿ ತೆಗೆಯಬೇಕು. ಹೊರಗೇ ಇರುವವರು ಎರಡು ಗಂಟೆಗೊಮ್ಮೆ ಹೀಗೆ ಎಣ್ಣೆ ಬೆವರು ಒತ್ತಿ ತೆಗೆದು ಮತ್ತೆ ಹಚ್ಚಬೇಕು. ಕಚೇರಿಯೊಳಗೆ ಕೂರುವ ನಾನು ಸಂಜೆ ಹೊರಡುವ ಮುಂಚೆ ಮತ್ತೊಮ್ಮೆ ಹಚ್ಚುತ್ತೇನೆ. ಬಿಸಿಲಿನ ನೇರ ಹೊಡೆತಕ್ಕೂ ದಿನ ಉಂಟು: ಏಪ್ರಿಲ್ 23, 24ರ ಸುಮಾರಿಗೆ ಮಧ್ಯಾಹ್ನ ಇಲ್ಲಿ ಸೂರ್ಯ ನಡುನೆತ್ತಿಗೇ ಬಂದು, ನಮ್ಮ ನೆರಳು ಕಾಲಡಿಗೆ ಸೇರುತ್ತದೆ. ಆಗಸ್ಟ್ ನಡುವಿನಲ್ಲಿ ಮತ್ತೊಮ್ಮೆ ಹಾಗೇ, ಆದರೆ ಮಳೆಮೋಡದ ಮರೆಯಲ್ಲಿ ಯಾರೂ ಗಮನಿಸುವುದಿಲ್ಲ. ಮೋಡವೆಂದು ಹಚ್ಚದೆ ಬಿಡಬೇಡಿ, ತೆಳು ಮೋಡದ ದಿನವೂ ಕಿರಣ ಸಾಕಷ್ಟು ಇಳಿಯುತ್ತದೆ. ರಾತ್ರಿ ಮಾತ್ರ ಮುಖ ಚೆನ್ನಾಗಿ ತೊಳೆದೇ ಮಲಗುವುದು. ಬಿಗಿದು ಕೂತ ಪದರ ಬರಿಯ ನೀರಿಗೆ ಬಿಡುವುದಿಲ್ಲ. ಉಳಿದರೆ ಮೊಡವೆ.

ತೋಟದಲ್ಲಿ ಕೆಲಸ ಮಾಡುವ ಅತ್ತಿಗೆಗೆ ಇದೊಂದೂ ಬೇಡ. ಅಡಿಕೆ ಹಾಳೆಯ ಮುಟ್ಟಾಳೆ ತಲೆಗಿಟ್ಟು ಹೊರಡುತ್ತಾರೆ. ಅದಕ್ಕೆ ಎರಡು ಗಂಟೆಯ ಲೆಕ್ಕವಿಲ್ಲ, ಜಿಡ್ಡಿಲ್ಲ. ಆದರೆ ಮೊನ್ನೆ ಮದುವೆಮನೆಗೆ ಹೊರಡುವಾಗ, "ನಿನ್ನ ಆ ನೀರಿನಂಥದ್ದು ಸ್ವಲ್ಪ ಕೊಡು" ಎಂದು ಬೆರಳು ಚಾಚಿದರು. ಒಂದೇ ಬೆರಳು. ಇನ್ನೊಂದನ್ನೂ ಹಿಡಿಯಿರಿ ಅತ್ತಿಗೆ ಎಂದೆ.

ನಾನೀಗ ಸಂಜೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಬಸ್ಸು ಹತ್ತುವಾಗ ಎಡಗಡೆಯ ಕಿಟಕಿ ಹುಡುಕುತ್ತೇನೆ. ಬಲಗಡೆ ಯಾವಾಗಲೂ ಖಾಲಿ ಇರುತ್ತದೆ.