‘ಜೆಪೆಗ್ ಬೇಡ ಸಾರ್, ಡಿಎಕ್ಸ್‌ಎಫ್ ಕಳಿಸಿ’

ಮನೆಯ ಹೆಸರಿನ ಫಲಕಕ್ಕೋ ದೇವರಮನೆಯ ಜಾಲರಿ ಬಾಗಿಲಿಗೋ ಒಂದು ವಿನ್ಯಾಸ ಕಣ್ಣಿಗೆ ಬೀಳುತ್ತದೆ. ಅದರ ಫೋಟೋ ತೆಗೆದು ಲೇಸರ್ ಕಟಿಂಗ್ ಅಂಗಡಿಗೆ ವಾಟ್ಸ್‌ಆ್ಯಪ್ ಮಾಡಿದರೆ ಸಾಮಾನ್ಯವಾಗಿ ಬರುವ ಉತ್ತರ ಈ ಶೀರ್ಷಿಕೆಯೇ. ಅಂಗಡಿಯವರು ಸತಾಯಿಸುತ್ತಿದ್ದಾರೆ ಎಂದುಕೊಳ್ಳಬೇಡಿ. ಫೋಟೋದಲ್ಲಿ ಇರುವುದು ಬಣ್ಣದ ಪುಟ್ಟ ಚೌಕಗಳು, ಅಂದರೆ ಪಿಕ್ಸೆಲ್‌ಗಳು. ಕತ್ತರಿಸುವ ಯಂತ್ರಕ್ಕೆ ಬಣ್ಣ ಕಟ್ಟಿಕೊಂಡು ಏನೂ ಆಗಬೇಕಿಲ್ಲ. ಎಲ್ಲಿ ಶುರು ಮಾಡಬೇಕು, ಎಲ್ಲಿ ಬಾಗಬೇಕು, ಎಲ್ಲಿ ನಿಲ್ಲಬೇಕು ಎಂಬ ಗೆರೆಯ ಲೆಕ್ಕ ಬೇಕು. ಆ ಲೆಕ್ಕ ಇರುವುದು ವೆಕ್ಟರ್ ಫೈಲಿನಲ್ಲಿ. 1982ರಲ್ಲಿ ಆಟೋಕ್ಯಾಡ್ ಎಂಬ ನಕ್ಷೆ ಬರೆಯುವ ಸಾಫ್ಟ್‌ವೇರ್ ಜೊತೆಗೇ ಆಟೋಡೆಸ್ಕ್ ಕಂಪನಿ ತಂದ ಡಿಎಕ್ಸ್‌ಎಫ್ ಎಂಬ ವೆಕ್ಟರ್ ಫೈಲಿನ ಮಾದರಿ ಇವತ್ತಿಗೂ ಅಂಗಡಿಗಳಲ್ಲಿ ಚಲಾವಣೆಯಲ್ಲಿದೆ.

ಚಿತ್ರವನ್ನು ಗೆರೆಯಾಗಿಸುವ ಕೆಲಸಕ್ಕೆ ‘ಟ್ರೇಸ್’ ಎನ್ನುತ್ತಾರೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರ್ ಈ ಕೆಲಸಕ್ಕೆ ಪೀಟರ್ ಸೆಲಿಂಗರ್ ಎಂಬ ಗಣಿತಜ್ಞ ಬರೆದ ಪೋಟ್ರೇಸ್ ಎಂಬ ಪ್ರೋಗ್ರಾಂ ಅನ್ನು ಬಳಸುತ್ತದೆ. ಮೊದಲು ಚಿತ್ರವನ್ನು ಅಪ್ಪಟ ಕಪ್ಪು ಬಿಳುಪಿಗೆ ಇಳಿಸಬೇಕು. ಪೋಟ್ರೇಸ್ ಆ ಕಪ್ಪಿನ ಅಂಚು ಹಿಡಿದು ಒಂದು ಬಹುಭುಜ ಕಟ್ಟುತ್ತದೆ, ಆಮೇಲೆ ಅದರ ಮೂಲೆಗಳನ್ನು ನಯಗೊಳಿಸಿ ಬೆಜಿಯೆ ಕರ್ವ್ ಎಂಬ ಬಾಗುಗೆರೆ ಮಾಡುತ್ತದೆ. ಈ ಕರ್ವ್‌ಗೆ ಹೆಸರು ಬಂದದ್ದು ಫ್ರಾನ್ಸಿನ ರೆನೋ ಕಾರು ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೆಯಿಂದ.

ಒಂದು ಕ್ಲಿಕ್ಕಿಗೆ ಗೆರೆ ಬಂತೆಂದು ಹಿಗ್ಗುವಂತಿಲ್ಲ. ಪೆನ್ನಿನಲ್ಲಿ ಎಳೆದ ರಂಗೋಲಿಯ ಗೆರೆಗೆ ದಪ್ಪ ಇರುತ್ತದೆ, ದಪ್ಪಕ್ಕೆ ಎರಡು ಅಂಚು. ಹಾಗಾಗಿ ಒಂದು ಗೆರೆ ಇರಬೇಕಾದಲ್ಲಿ ಅಕ್ಕಪಕ್ಕ ಎರಡು ಬರುತ್ತವೆ, ಲೇಸರ್ ಎರಡನ್ನೂ ಕತ್ತರಿಸುತ್ತದೆ. ಇದಕ್ಕೆ ನಡುಗೆರೆ ಹಿಡಿಯುವ ‘ಸೆಂಟರ್‌ಲೈನ್’ ಟ್ರೇಸ್ ಬೇಕು. 2020ರ ಇಂಕ್‌ಸ್ಕೇಪ್ 1.0ರಲ್ಲಿ ಅದೂ ಬಂದಿದೆ. ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿ ಬಂದ ಜೆಪೆಗ್‌ನದು ಇನ್ನೊಂದು ಗೋಳು. ಅಂಚಿನ ಸುತ್ತ ಧೂಳಿನಂಥ ಚುಕ್ಕೆಗಳೆದ್ದು, ಹತ್ತು ನೋಡ್ (ಗೆರೆಯನ್ನು ಹಿಡಿದಿಡುವ ಬಿಂದು) ಸಾಕಾಗುವ ಕಡೆ ನೂರಾರು ನೋಡ್ ತುಂಬಿಕೊಳ್ಳುತ್ತವೆ. ಯಂತ್ರ ತಡವರಿಸುತ್ತ ಓಡಿ, ಅಂಚು ತರಿತರಿಯಾಗುತ್ತದೆ.

ಕನ್ನಡ ಅಕ್ಷರದ ವಿಷಯಕ್ಕೆ ಬಂದರೆ ಪರೀಕ್ಷೆ ಇನ್ನೂ ಕಠಿಣ. ‘ಶ್ರೀಕಂಠ ನಿಲಯ’ ಎಂಬ ಫಲಕವನ್ನೇ ತೆಗೆದುಕೊಳ್ಳಿ. ಉಕ್ಕಿನ ತಗಡಿನಲ್ಲಿ ಅಕ್ಷರಗಳನ್ನು ಆಚೆಗೂ ತೂತಾಗುವಂತೆ ಕೊರೆಸುವುದಾದರೆ, ಅನುಸ್ವಾರದ ಒಳಗಿನ ಬಿಲ್ಲೆ ಹಿಡಿದುಕೊಳ್ಳಲು ಏನೂ ಇಲ್ಲದೆ ಕಳಚಿ ಬೀಳುತ್ತದೆ. ‘ಠ’ದ ಹೊಟ್ಟೆಯೂ ಹಾಗೆಯೇ ಬೀಳುತ್ತದೆ, ಅದರ ಜೊತೆಗೆ ನಡುವಿನ ಚುಕ್ಕೆಯೂ ಹೋಯಿತು. ಗೋಡೆಗೆ ಏರಿಸಿದ ಮೇಲೆ ಕಾಣುವುದು ಬರೀ ದುಂಡನೆಯ ತೂತು. ಒಳತುಂಡನ್ನು ಹೊರತಗಡಿಗೆ ಸೇರಿಸಿ ಹಿಡಿಯುವ ಸಣ್ಣ ಬ್ರಿಡ್ಜ್‌ಗಳನ್ನು ಫೈಲಿನಲ್ಲೇ ಎಳೆದಿರಬೇಕು. ಅದೇ ಹೆಸರನ್ನು ಅಕ್ರಿಲಿಕ್‌ನಲ್ಲಿ ಬಿಡಿ ಅಕ್ಷರಗಳಾಗಿ ಕತ್ತರಿಸಿದರೆ ತೊಂದರೆ ಉಲ್ಟಾ ಆಗುತ್ತದೆ. ಆಗ ಅನುಸ್ವಾರವೂ ಠದ ಚುಕ್ಕೆಯೂ ಒಂಟಿ ತುಂಡುಗಳು. ಅವನ್ನು ಕೂರಿಸಲು ಹಿಂದೊಂದು ಹಲಗೆ ಬೇಕು, ಎಲ್ಲಿ ಕೂರಿಸಬೇಕೆಂಬ ಗುರುತೂ ಬೇಕು. ಯಾವ ಸಾಫ್ಟ್‌ವೇರಿನ ಟ್ರೇಸ್ ಬಟನ್ನೂ ಇದನ್ನು ಯೋಚಿಸುವುದಿಲ್ಲ, ಕನ್ನಡ ಓದಬಲ್ಲವರೇ ಕೂತು ನೋಡಬೇಕು.

ನನ್ನ ಪ್ರಕಾರ ಅಕ್ಷರಗಳನ್ನು ಫೋಟೋದಿಂದ ಟ್ರೇಸ್ ಮಾಡುವುದೇ ದಂಡ. ಒಪ್ಪುವ ಫಾಂಟ್ ಆರಿಸಿ ಹೊಸದಾಗಿ ಟೈಪ್ ಮಾಡಿ, ಅಕ್ಷರಗಳನ್ನು ಗೆರೆಗಳಾಗಿ (ಕರ್ವ್) ಬದಲಿಸಿ ಕಳಿಸಿ. ಬದಲಿಸದೆ ಕಳಿಸಿದರೆ, ಅದೂ ಹಳೆಯ ನುಡಿ ಫಾಂಟ್ ಆದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಮನೆಯ ಹೆಸರು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನೇರ ಗೆರೆ, ವೃತ್ತ, ಚೌಕಗಳ ಜಾಲರಿಯನ್ನೂ ಕ್ಯಾಡ್ ಸಾಫ್ಟ್‌ವೇರಿನಲ್ಲಿ ಅಳತೆ ಹಾಕಿ ಬರೆಯುವುದೇ ಬೇಗ ಮುಗಿಯುತ್ತದೆ. ಟ್ರೇಸ್‌ನಲ್ಲಿ ಬಂದ ವೃತ್ತ ಕಣ್ಣಿಗಷ್ಟೇ ವೃತ್ತ, ಅದಕ್ಕೆ ಕೇಂದ್ರವೂ ಇಲ್ಲ, ತ್ರಿಜ್ಯವೂ ಇಲ್ಲ. ಸಹಿ, ಕೈಬರಹ, ಬಳ್ಳಿ, ನವಿಲಿನಂಥವಕ್ಕೆ ಮಾತ್ರ ಟ್ರೇಸ್ ಇಟ್ಟುಕೊಳ್ಳಿ.

ಇನ್ನು ಅಳತೆ. ಇಲ್ಲಸ್ಟ್ರೇಟರ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರ್ ಒಂದು ಇಂಚಿಗೆ 72 ಪಿಕ್ಸೆಲ್ ಎಂದು ಲೆಕ್ಕ ಹಿಡಿದರೆ ಈಗಿನ ಇಂಕ್‌ಸ್ಕೇಪ್ 96 ಎನ್ನುತ್ತದೆ. ಈ ಲೆಕ್ಕ ಅದಲುಬದಲಾದರೆ 300 ಮಿ.ಮೀ. ಫಲಕ 225ಕ್ಕೆ ಕುಗ್ಗುತ್ತದೆ, ಇಲ್ಲವೇ 400ಕ್ಕೆ ಹಿಗ್ಗುತ್ತದೆ. ಡಿಎಕ್ಸ್‌ಎಫ್‌ನಲ್ಲಿ ಮಿಲಿಮೀಟರನ್ನು ಇಂಚೆಂದು ಓದಿದರಂತೂ 25.4 ಪಟ್ಟು ದೊಡ್ಡದು! ಅದಕ್ಕೇ ಫೈಲಿನ ಜೊತೆ ‘ಒಟ್ಟು ಅಗಲ ಇಷ್ಟು ಮಿ.ಮೀ.’ ಎಂದು ಒಂದು ಸಾಲು ಬರೆದು ಕಳಿಸಿ. ಮೂಲ ಚಿತ್ರವನ್ನು ಓರೆಯಾಗಿ ಫೋಟೋ ತೆಗೆಯದೆ ಸ್ಕ್ಯಾನ್ ಮಾಡಿಸಿ. ಬೇರೆಯವರ ವಿನ್ಯಾಸವಾದರೆ ಅವರನ್ನು ಕೇಳಿ. ಮತ್ತೆ, ಮೊದಲ ಪ್ರತಿಯನ್ನು ರಟ್ಟಿನಲ್ಲಿ ಕತ್ತರಿಸಿಕೊಡಲು ಅಂಗಡಿಯವರಿಗೆ ಹೇಳಿ, ತೇಗದ ಹಲಗೆ ಆಮೇಲೆ ಕೊಡಿ.