ನಿಮಗಿದು ಗೊತ್ತೆ? ಮಹಾನಗರದ ರೈಲಿಗೆ ಮಲೆನಾಡಿನ ವಾನಪ್ರಸ್ಥ

ಜಪಾನಿನ ನಾಗಾನೋ ನಗರದಿಂದ ಯುದಾನಾಕದ ಬಿಸಿನೀರಿನ ಬುಗ್ಗೆಗಳೆಡೆಗೆ 33.2 ಕಿಲೋಮೀಟರು ಸಾಗುವ ನಾಗಾನೋ ವಿದ್ಯುತ್ ರೈಲುಮಾರ್ಗದ ಗಾಡಿಗಳು, ತಮ್ಮ ಯೌವನವನ್ನು ಟೋಕಿಯೋ ಪ್ರಾಂತದ ಜನಸಂದಣಿಯಲ್ಲಿ ಸವೆಸಿ, ಉತ್ತರವಯಸ್ಸಿನಲ್ಲಿ ಈ ಗಿರಿಪ್ರದೇಶವನ್ನು ಆಶ್ರಯಿಸಿದಂಥವು. ಹಳಿಗಳ ಅಂತರ 1,067 ಮಿಲಿಮೀಟರು, ವಿದ್ಯುತ್ತು 1,500 ವೋಲ್ಟು. ಇವೆರಡೂ ಉಭಯತ್ರ ಸಮಾನವಾದುದರಿಂದಲೇ ಈ ಸ್ಥಾನಾಂತರ ಸುಲಭಸಾಧ್ಯವಾಯಿತು.

1961ರಲ್ಲಿ ಟೋಕಿಯೋದ ಹಿಬಿಯಾ ಸುರಂಗಮಾರ್ಗದಲ್ಲಿ ಓಡತೊಡಗಿದ ಮಾದರಿಯ ಗಾಡಿಗಳು 1990ರ ದಶಕದಲ್ಲಿ ಇಲ್ಲಿಗೆ ಬಂದು, 2023ರ ಜನವರಿಯವರೆಗೂ ದುಡಿದುವು. ಅವುಗಳ ಉತ್ತರಾಧಿಕಾರವನ್ನು ವಹಿಸಿಕೊಂಡವೂ ಅದೇ ಹಿಬಿಯಾದ ಮುಂದಿನ ತಲೆಮಾರಿನ ಗಾಡಿಗಳೇ.

ಟೋಕಿಯೋದ ಒಡಾಕ್ಯೂ ರೈಲು ಸಂಸ್ಥೆಯ 1987ರ ವಿಹಾರಗಾಡಿಯಂತೂ, ನೆಲಗಟ್ಟು ಎತ್ತರವಾಗಿ ವೃದ್ಧರಿಗೂ ಅಂಗವಿಕಲರಿಗೂ ದುರ್ಗಮವೆನಿಸಿದ ಕಾರಣ ಅಲ್ಲಿ ಬೇಗನೆ ನಿವೃತ್ತಿ ಹೊಂದಿ, 11 ಬೋಗಿಗಳ ದೀರ್ಘಕಾಯವನ್ನು 4ಕ್ಕೆ ಕುಗ್ಗಿಸಿಕೊಂಡು, 2006ರಿಂದ ಇಲ್ಲಿ ಸಂಚರಿಸುತ್ತಿದೆ. ಇದರ ಚಾಲಕನು ಏಣಿಯೇರಿ ಛಾವಣಿಯ ಮೇಲಣ ಕಿರುಗೂಡನ್ನು ಸೇರಿದರೆ, ಗಾಜಿನ ಮುಂಭಾಗದಲ್ಲಿ ಕುಳಿತು ದಾರಿಯನ್ನು ನೋಡುವ ಭಾಗ್ಯ ಪ್ರಯಾಣಿಕನದು!

ಆದರೆ ಟೋಕಿಯೋದ ಇನ್ನೊಂದು ರೈಲು ಸಂಸ್ಥೆಯಾದ ಟೋಕ್ಯೂವಿನಿಂದ ಬಂದ ಗಾಡಿಗಳಿಗೆ ಮಾತ್ರ ಯುದಾನಾಕದ ದರ್ಶನವಿಲ್ಲ: ಸಾವಿರ ಮೀಟರಿಗೆ 40 ಮೀಟರು ಏರುವ ಆ ಕಡಿದಾದ ದಾರಿಯಲ್ಲಿ ಇಳಿಯುವಾಗ ವೇಗವನ್ನು ಹಿಡಿದಿಡುವ ವಿಶೇಷ ಬ್ರೇಕು ಅವಕ್ಕಿಲ್ಲವಾಗಿ, ಅವು ಶಿನ್‌ಶೂ-ನಾಕಾನೋ ನಿಲ್ದಾಣದಿಂದಲೇ ಹಿಂದಿರುಗುತ್ತವೆ.